ಪ್ರತಿಕ್ರಿಯೆ: ವೇಬರ್ ಮೊದಲೋ, ಸಂವಿಧಾನ ಮೊದಲೋ?

ಬೆಂಗಳೂರಿನ ಸಾರ್ವಜನಿಕ ಆಡಳಿತ ವಿದ್ಯಾರ್ಥಿಗಳಿಗೆ ಸಂಘಟನಾ ಸಿದ್ಧಾಂತವನ್ನು, ಅಧಿಕಾರಶಾಹಿಯ ಸ್ವರೂಪವನ್ನು ವಿವರಿಸಿದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್‌ನಿಂದ ಆರಂಭಿಸಬೇಕೋ, ಸಂವಿಧಾನದಿಂದ ಆರಂಭಿಸಬೇಕೋ ಎಂದು ಕೇಳಿದ್ದೀರಿ. ಸಂವಿಧಾನದಿಂದಲೇ ಆರಂಭಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. 311ನೇ ವಿಧಿಯನ್ನು ತರಗತಿಯಲ್ಲಿ ನಿಧಾನವಾಗಿ ಓದಿಸಿ. ಆರೋಪ ತಿಳಿಸಿ, ವಿಚಾರಣೆ ನಡೆಸಿ, ಸಮರ್ಥನೆಗೆ ಅವಕಾಶ ಕೊಡದೆ ಸರ್ಕಾರಿ ನೌಕರನನ್ನು ಸಾಮಾನ್ಯವಾಗಿ ವಜಾ ಮಾಡುವಂತಿಲ್ಲ (ಅಪವಾದಗಳನ್ನೂ ಓದಿಸಿ) ಎಂಬ ನಿಯಮವು, ಮನಬಂದಂತೆ ವಜಾ ಮಾಡುವುದರ ವಿರುದ್ಧದ ರಕ್ಷಣೆಯು ಅಧಿಕಾರಿಯ ನಿಷ್ಪಕ್ಷಪಾತ ಕರ್ತವ್ಯಪಾಲನೆಗೆ ಆಧಾರವೆಂಬ ವೇಬರ್‌ನ ವಾದಕ್ಕೆ ಅವರನ್ನು ತಾನಾಗಿ ಕರೆದೊಯ್ಯುತ್ತದೆ.

ಬಳಿಕ ನಗರ ಸ್ಥಳೀಯ ಸಂಸ್ಥೆಗಳ ಅವಧಿಯನ್ನು ಕುರಿತ 243ಯು ವಿಧಿಯನ್ನು ತೆಗೆದುಕೊಳ್ಳಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಅದು ಹೇಳಿದರೂ, 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆಯಾದ ಬಿಬಿಎಂಪಿಯ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ ಪಾಲಿಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಯಿತು. ವಾರ್ಡಿನ ಚರಂಡಿಯ ದೂರು ಚುನಾಯಿತ ಮಂಡಳಿ ಇದ್ದಾಗ ಯಾರ ಮೇಜಿಗೆ ಹೋಗುತ್ತಿತ್ತು, ಆಡಳಿತಾಧಿಕಾರಿ ಬಂದ ಅನಂತರ ಯಾರ ಮೇಜಿಗೆ, ಯಾರು ಯಾರಿಗೆ ಉತ್ತರದಾಯಿ ಎಂಬ ಎರಡು ನಕ್ಷೆಗಳನ್ನು ವಿದ್ಯಾರ್ಥಿಗಳೇ ಬರೆಯಲಿ.