ಗಂಡ ಹೆಂಡತಿ ಇಬ್ಬರಿಗೂ ಥಲಸ್ಸೀಮಿಯಾ ಮೈನರ್ ಇದೆ, ಮೊದಲ ಮಗು ಚೆನ್ನಾಗಿದೆ. ಎರಡನೆಯದಕ್ಕೆ ಹೆದರಬೇಕೇ?

ಸೋದರಮಾವನನ್ನೇ ಮದುವೆಯಾಗಿದ್ದೀರಿ, ಮಗಳು ಆರೋಗ್ಯವಾಗಿದ್ದಾಳೆ, ‘ನಾಲ್ಕರಲ್ಲಿ ಒಂದಕ್ಕೆ ತಾನೇ, ಎರಡನೆಯದಕ್ಕೆ ಏನೂ ಆಗಲ್ಲ’ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಆ ಮಾತು ನಂಬಬೇಡಿ ಅಕ್ಕಾ. ನಾವು ನಂಬಿದ್ದೆವು. ನಮ್ಮ ಎರಡನೇ ಮಗನಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ ರಕ್ತದ ಕಾಯಿಲೆ. ಮೈನರ್ ಇರುವ ನಾವು ಆ ದೋಷ ಹೊತ್ತವರು ಮಾತ್ರ.

ಹುಟ್ಟಿದಾಗ ಗುಂಡುಗುಂಡಗಿದ್ದ. ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಕೆಲವು ತಿಂಗಳು ಮಗುವನ್ನು ಕಾಯುತ್ತದೆ. ಅದು ಇಳಿಯುತ್ತಾ ಬಂದಂತೆ, ಏಳನೇ ತಿಂಗಳಿಗೆ ಅಂಗೈ ಬಿಳಿಚಿಕೊಂಡಿತು. ಈಗ ಅವನಿಗೆ ಒಂಬತ್ತು ವರ್ಷ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ‘ಹೋದ್ಸಲ ಎಡಗೈ ಆಯ್ತು ಸಿಸ್ಟರ್, ಇವತ್ತು ಬಲಗೈ’ ಅಂತ ತಾನೇ ಕೈ ಚಾಚುತ್ತಾನೆ. ಹಾಗೆ ಹಾಕಿಸಿದ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಿತ್ತಳೆ ರಸಕ್ಕೆ ಕಲಸಿದ ಮಾತ್ರೆ.

ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಬೀಟಾ ಗ್ಲೋಬಿನ್ ಜೀನು 11ನೇ ಕ್ರೋಮೋಸೋಮಿನಲ್ಲಿದೆ, ಎಲ್ಲರಲ್ಲೂ ಎರಡೆರಡು ಪ್ರತಿ. ನಿಮ್ಮಿಬ್ಬರಲ್ಲೂ ಒಂದು ಸರಿ, ಒಂದು ಕೆಟ್ಟದ್ದು. ಈ ದೋಷ ದುರ್ಬಲ ಗುಣ, ಹಾಗಾಗಿ ಸರಿ ಇರುವ ಒಂದೇ ಪ್ರತಿಯಲ್ಲಿ ನಿಮ್ಮ ಬದುಕು ನಡೆದಿದೆ. ನಿಮ್ಮ ಅಜ್ಜ-ಅಜ್ಜಿಯೇ ಅವರ ಅಪ್ಪ-ಅಮ್ಮ, ಹಾಗಾಗಿ ಇಬ್ಬರಿಗೂ ಅವರ ಕಡೆಯಿಂದ ಅದೇ ದೋಷ ಇಳಿದು ಬರುವ ಸಾಧ್ಯತೆ ಹೆಚ್ಚು. ಮಗುವಿಗೆ ನಿಮ್ಮಿಂದ ಒಂದು, ಅವರಿಂದ ಒಂದು ಹೋಗುತ್ತದೆ. ಚೌಕಾಬಾರಕ್ಕೆ ಎರಡು ಕವಡೆ ಬಿಟ್ಟ ಹಾಗೆ, ಎರಡೂ ಕವುಚಿ ಬಿದ್ದರೆ ಮೇಜರ್. ಪ್ರತಿ ಬಸಿರಿಗೂ ಕವಡೆ ಹೊಸದಾಗಿಯೇ ಬೀಳುತ್ತವೆ, ಪ್ರತಿ ಸಲವೂ ಶೇಕಡಾ 25.

ಈ ‘ನಾಲ್ಕರಲ್ಲಿ ಒಂದು’ ಲೆಕ್ಕ ಬಟಾಣಿ ಗಿಡ ಬೆಳೆಸಿ ಆನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್‌ನದು. ಅವನು ಎಣಿಸಿದ ಬಟಾಣಿಯಲ್ಲಿ ಗುಂಡು ಕಾಳು 5,474, ದುರ್ಬಲ ಗುಣದ ಸುಕ್ಕುಗಟ್ಟಿದ್ದು 1,850. ಹೆಚ್ಚುಕಡಿಮೆ ಮೂರಕ್ಕೆ ಒಂದು. ಆದರೆ ಅದೇ ಬೆಳೆಯ ಒಂದು ಗಿಡದಲ್ಲಿ ಗುಂಡು 43, ಸುಕ್ಕು ಎರಡೇ. ಇನ್ನೊಂದರಲ್ಲಿ 14ಕ್ಕೆ 15! ಸಾವಿರಾರು ಕಾಳಿಗೆ ಕೂಡಿಬರುವ ಲೆಕ್ಕವನ್ನು ನಮ್ಮ ಮನೆಯ ಇಬ್ಬರು ಮಕ್ಕಳ ಮೇಲೆ ಹೇರಿದ್ದೇ ನಾವು ಮಾಡಿದ ತಪ್ಪು.

ಎರಡನೇ ಮಗು ಬೇಡ ಅನ್ನುತ್ತಿಲ್ಲ. ಬಸಿರಾಗುವ ಮೊದಲೇ ಇಬ್ಬರೂ ಡಿಎನ್‌ಎ ಪರೀಕ್ಷೆ ಮಾಡಿಸಿ, ಯಾವ ದೋಷ ಎಂದು ತಿಳಿದಿಟ್ಟುಕೊಳ್ಳಿ. ಬಸಿರಾದ ಮೇಲೆ 11ರಿಂದ 13 ವಾರದೊಳಗೆ ಮಾಸಿನ ಚೂರು ತೆಗೆದು ನೋಡುವ ಸಿವಿಎಸ್ ಪರೀಕ್ಷೆ ಇದೆ, ಮಗುವಿಗೆ ಮೇಜರ್ ಇದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ. ವಾರಗಳ ಲೆಕ್ಕ ತಪ್ಪಿಸಬೇಡಿ.

ನಿಮ್ಮ ಮಗಳಿಗೆ ಮೇಜರ್ ಇಲ್ಲ, ನಿಜ. ಮೈನರ್ ಇರುವ ಸಾಧ್ಯತೆ ಮಾತ್ರ ಮೂರರಲ್ಲಿ ಎರಡು ಪಾಲು. ಅವಳಿಗೂ ಮೈನರ್ ಪತ್ತೆಹಚ್ಚುವ ರಕ್ತ ಪರೀಕ್ಷೆ, ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಮಾಡಿಸಿ, ರಿಪೋರ್ಟನ್ನು ಜಾತಕದ ಜೊತೆಗೇ ಎತ್ತಿಡಿ.