ಬ್ರಾಡ್‌ಫರ್ಡ್ ಬೆಂಕಿ: ಹಲಗೆಯ ಕೆಳಗೆ ನೋಡಿ

1985ರ ಮೇ 11ರಂದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ವ್ಯಾಲಿ ಪರೇಡ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 56 ಮಂದಿಯನ್ನು ಬಲಿ ತೆಗೆದುಕೊಂಡ ಬೆಂಕಿಯ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿದಾಗಲೆಲ್ಲ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಅಗ್ನಿ ಸುರಕ್ಷತೆಯ ಕೆಲಸದಲ್ಲಿರುವವನಾಗಿ ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಅದು ಆಕಸ್ಮಿಕವೋ, ವಿಮೆ ಹಣಕ್ಕಾಗಿ ಯಾರೋ ಹಚ್ಚಿದ ಬೆಂಕಿಯೋ? ಸಿಗರೇಟು ಎಸೆದವನು ಯಾರೆಂದು ಕೊನೆಗೂ ಗೊತ್ತಾಯಿತೇ?

ಉತ್ತರ: ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಒಂದು ಹೆಸರು. ಅದನ್ನು ನಾನು ಕೊಡುವುದಿಲ್ಲ. ನ್ಯಾಯಮೂರ್ತಿ ಆಲಿವರ್ ಪಾಪಲ್‌ವೆಲ್ ಅವರ ವಿಚಾರಣೆಯು, ಉರಿಯುತ್ತಿದ್ದ ಬೆಂಕಿಕಡ್ಡಿಯೋ ಸಿಗರೇಟೋ ಪೈಪಿನ ತಂಬಾಕೋ ನೆಲದ ಹಲಗೆಗಳ ಸಂದಿನಿಂದ ಕೆಳಗೆ ಬಿದ್ದು ಅಲ್ಲಿನ ಕಸಕ್ಕೆ ಆಕಸ್ಮಿಕವಾಗಿ ಬೆಂಕಿ ತಗುಲಿತೆಂಬ ತೀರ್ಮಾನಕ್ಕೆ ಬಂದಿತು. ತಂದೆಯನ್ನೂ ತಮ್ಮನನ್ನೂ ಆ ಬೆಂಕಿಯಲ್ಲಿ ಕಳೆದುಕೊಂಡು ತಾನೊಬ್ಬನೇ ಬದುಕಿ ಬಂದವರೊಬ್ಬರು 2015ರಲ್ಲಿ ಪುಸ್ತಕ ಬರೆದು, ಆ ಕ್ರೀಡಾಂಗಣದಲ್ಲಿ ಆಡುತ್ತಿದ್ದ ಬ್ರಾಡ್‌ಫರ್ಡ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಅಂದಿನ ಅಧ್ಯಕ್ಷರ ಇತರ ಉದ್ದಿಮೆಗಳಲ್ಲೂ ಹಿಂದೆ ಬೆಂಕಿ ಬಿದ್ದಿತ್ತೆಂಬುದನ್ನು ಪಟ್ಟಿ ಮಾಡಿ, ವಿಚಾರಣೆ ಅವಸರದಲ್ಲಿ ಮುಗಿಯಿತೆಂದು ದೂರಿದರು. ದುರಂತವಾದ ಮರುತಿಂಗಳೇ ಆರಂಭವಾದ ಸಾಕ್ಷಿ ವಿಚಾರಣೆ ಕೆಲವೇ ದಿನಗಳಲ್ಲಿ ಮುಗಿದದ್ದು ನಿಜ, ಮನೆಯವರನ್ನು ಕಳೆದುಕೊಂಡವರಿಗೆ ಹಾಗೆ ಕೇಳುವ ಪೂರ್ಣ ಹಕ್ಕಿದೆ. ಆದರೆ ಬೇರೆ ಕಟ್ಟಡಗಳ ಬೆಂಕಿಯ ಇತಿಹಾಸವು ಅನುಮಾನಕ್ಕೆ ಎಡೆ ಕೊಡಬಹುದೇ ಹೊರತು, ಈ ಕಟ್ಟಡದಲ್ಲಿ ಕಿಡಿ ಎಲ್ಲಿಂದ ಬಂತೆಂಬುದಕ್ಕೆ ಸಾಕ್ಷ್ಯವಾಗಲಾರದು. ಪಾಪಲ್‌ವೆಲ್ ಕೂಡ ಆ ಪುಸ್ತಕ ಬಂದ ಮೇಲೆ ತಮ್ಮ ತೀರ್ಮಾನವನ್ನು ಬದಲಿಸಲಿಲ್ಲ.

ಕಿಡಿಯನ್ನು ಬಿಟ್ಟು ಹಲಗೆಯ ಕೆಳಗೆ ನೋಡಿ. 1911ರಲ್ಲಿ ಇಳಿಜಾರಿನ ಮೇಲೆ ಕಟ್ಟಿದ ಆ ಮುಖ್ಯ ಸ್ಟ್ಯಾಂಡಿನ, ಅಂದರೆ ಪ್ರೇಕ್ಷಕರ ಗ್ಯಾಲರಿಯ, ಆಸನಗಳೂ ನೆಲವೂ ಮರದವು. ನೆಲಕ್ಕೂ ಇಳಿಜಾರಿನ ಮಣ್ಣಿಗೂ ನಡುವೆ ಪೊಳ್ಳು ಜಾಗವಿತ್ತು, ಪ್ರೇಕ್ಷಕರು ಬಿಸಾಡಿದ ಕಾಗದ, ಪೊಟ್ಟಣ, ಲೋಟಗಳೆಲ್ಲ ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದವು. ಬೆಂಕಿ ಆರಿದ ಮೇಲೆ ಆ ಕಸದಲ್ಲಿ 1968ರ ಪತ್ರಿಕೆಯೊಂದು ಸಿಕ್ಕಿತು. ಅದರ ಜೊತೆಗೆ, 1971ರಲ್ಲೇ ಬ್ರಿಟನ್ ಕೈಬಿಟ್ಟ ಹಳೆಯ ನಾಣ್ಯಪದ್ಧತಿಯ ಬೆಲೆ ಮುದ್ರಿಸಿದ್ದ ಕಡಲೆಕಾಯಿ ಪೊಟ್ಟಣವೂ ಸಿಕ್ಕಿತು. ಆ ಪೊಟ್ಟಣ ಅಲ್ಲಿ ಬಿದ್ದ ದಿನದಿಂದ ಎಷ್ಟು ಪಂದ್ಯಗಳು ನಡೆದಿರಬೇಕು, ಎಷ್ಟು ಸಿಗರೇಟುಗಳು ಆ ಸಂದಿನಲ್ಲಿ ಜಾರಿರಬೇಕು ಎಂದು ಯೋಚಿಸಿ. ಬೀಳುವ ಸಿಗರೇಟು ತುಂಡು ಬೆಂಕಿ ಹೊತ್ತಿಸಬಹುದೆಂದು 1984ರ ಜುಲೈನಲ್ಲಿಯೇ ಅಲ್ಲಿನ ಸ್ಥಳೀಯ ಆಡಳಿತವಾದ ಕೌಂಟಿ ಕೌನ್ಸಿಲ್ ಕ್ಲಬ್ಬಿಗೆ ಪತ್ರ ಬರೆದು ಎಚ್ಚರಿಸಿತ್ತು. 1987ರಲ್ಲಿ ನ್ಯಾಯಾಲಯವು ಹೊಣೆಯ ಮೂರರಲ್ಲಿ ಎರಡು ಪಾಲನ್ನು ಕ್ಲಬ್ಬಿನ ಮೇಲೆ, ಒಂದು ಪಾಲನ್ನು ಆ ಕೌನ್ಸಿಲ್ಲಿನ ಮೇಲೆ ಹಾಕಿತು. ಪತ್ರ ಬರೆದು ಸುಮ್ಮನಾದವರೂ ತಪ್ಪಿಸಿಕೊಳ್ಳಲಿಲ್ಲ ಎಂಬುದನ್ನು ನನ್ನ ವೃತ್ತಿಯವರು ನೆನಪಿಡಬೇಕು.

ಹಬ್ಬಿದ ವೇಗಕ್ಕೆ ಕಾರಣ ಚಾವಣಿ. ಮೊದಲಾರ್ಧ ಮುಗಿಯಲು ಇನ್ನೇನು ಕೆಲವು ನಿಮಿಷಗಳಿದ್ದಾಗ ಒಬ್ಬ ಪ್ರೇಕ್ಷಕರಿಗೆ ಅಂಗಾಲು ಬಿಸಿಯಾದಂತೆ ಅನ್ನಿಸಿತು. ಬೆಂಕಿ ಆರಿಸುವ ಅಗ್ನಿನಂದಕ ತರಲು ಹಿಂದಕ್ಕೆ ಓಡಿದವರಿಗೆ ಒಂದೂ ಸಿಗಲಿಲ್ಲ, ಏಕೆಂದರೆ ಕಿಡಿಗೇಡಿಗಳ ಭಯದಿಂದ ಅವುಗಳನ್ನು ಅಲ್ಲಿಂದ ತೆಗೆದುಬಿಟ್ಟಿದ್ದರು. ಮೇಲೇರಿದ ಬಿಸಿ ಅನಿಲವು ಹೊರಹೋಗಲು ದಾರಿಯಿಲ್ಲದೆ, ಟಾರು ಬಳಿದ ಫೆಲ್ಟ್ ಹೊದಿಸಿದ್ದ ಮರದ ಚಾವಣಿಯ ಕೆಳಗೆ ಉದ್ದಕ್ಕೂ ಹರಿಯಿತು. ಚಾವಣಿ ಹೊತ್ತಿಕೊಂಡು ಅದರ ಶಾಖ ಕೆಳಗಿನ ಆಸನಗಳ ಮೇಲೆ ಬಿದ್ದಾಗ, ಜ್ವಾಲೆ ತಲುಪುವ ಮುನ್ನವೇ ಮರ ಹೊತ್ತಲು ಸಿದ್ಧವಾಗಿರುತ್ತದೆ. ಸುಮಾರು ನಾಲ್ಕು ನಿಮಿಷಗಳಲ್ಲಿ ಇಡೀ ಸ್ಟ್ಯಾಂಡ್ ಉರಿಯಿತು. ಬಂದ ದಾರಿಯಲ್ಲೇ ಹೊರಗೆ ಹೋಗಲು ಹಿಂದಕ್ಕೆ ಓಡಿದವರಿಗೆ ಬೀಗ ಹಾಕಿದ ಬಾಗಿಲುಗಳೂ ಮುಚ್ಚಿದ ತಿರುಗುಗೇಟುಗಳೂ ಎದುರಾದವು. ಸತ್ತವರಲ್ಲಿ ಬಹಳ ಮಂದಿ ಸಿಕ್ಕಿದ್ದು ಆ ಬಾಗಿಲುಗಳ ಬಳಿಯೇ.

ಇಷ್ಟನ್ನೂ ಓದಿದ ಮೇಲೆಯೂ ‘ಸಿಗರೇಟು ಯಾರದು’ ಎಂದೇ ಕೇಳುವುದಾದರೆ ದಯವಿಟ್ಟು ನನಗೆ ಬರೆಯಬೇಡಿ.

ಪ್ರಶ್ನೆ: ಮೈದಾನದ ಅಂಚಿಗೆ ಎತ್ತರದ ಬೇಲಿ ಇದ್ದಿದ್ದರೆ ಗೊಂದಲ ತಪ್ಪುತ್ತಿರಲಿಲ್ಲವೇ?

ಉತ್ತರ: ಬೇಲಿ ಇದ್ದಿದ್ದರೆ ನೂರಾರು ಜನ ಸಾಯುತ್ತಿದ್ದರು. ಅಂದು ಬದುಕಿದವರಲ್ಲಿ ಹೆಚ್ಚಿನವರು ಮುಂದಿನ ಗೋಡೆ ಹತ್ತಿ ಮೈದಾನಕ್ಕೆ ಇಳಿದವರು.

ಪ್ರಶ್ನೆ: ಒದ್ದೆ ಕರವಸ್ತ್ರ ಮೂಗಿಗೆ ಕಟ್ಟಿಕೊಂಡರೆ ಹೊಗೆಯಿಂದ ಪಾರಾಗಬಹುದಂತೆ, ನಿಜವೇ?

ಉತ್ತರ: ಕಾರ್ಬನ್ ಮೊನಾಕ್ಸೈಡನ್ನು ಯಾವ ಬಟ್ಟೆಯೂ ತಡೆಯುವುದಿಲ್ಲ. ನೀರು ಹುಡುಕುವ ಹೊತ್ತಿನಲ್ಲಿ ಹೊರಗೆ ನಡೆಯಿರಿ.

ಪ್ರಶ್ನೆ: ನಮ್ಮೂರಿನ ಕಬಡ್ಡಿ ಪಂದ್ಯಾವಳಿಗೆ ಮರದ ಗ್ಯಾಲರಿ ಕಟ್ಟಿಸುತ್ತಿದ್ದೇವೆ. ಬೆಂಕಿಗೆ ಬಿದ್ದರೆ ತಾನೇ ಸಿಡಿದು ಆರಿಸುವ ಚೆಂಡುಗಳನ್ನು ಕೆಳಗಿಟ್ಟರೆ ಬೇರೇನೂ ಬೇಡವೆಂದು ಒಬ್ಬರು ಮಾರಲು ಬಂದಿದ್ದಾರೆ.

ಉತ್ತರ: ಅವರನ್ನು ವಾಪಸ್ ಕಳಿಸಿ. ನಾಲ್ಕೂ ಕಡೆ ಗಾಳಿಯಾಡುವ ಗ್ಯಾಲರಿಯ ಅಡಿಯಲ್ಲಿ ಆ ಚೆಂಡು ಸಿಡಿದು ಚೆಲ್ಲುವ ಬೆಂಕಿ ಆರಿಸುವ ಪುಡಿ ನಿಲ್ಲುವುದಿಲ್ಲ, ‘ಬೇರೇನೂ ಬೇಡ’ ಎಂದು ಹೇಳಿ ಮಾರುವವನು ನಿಮ್ಮ ಊರಿನ ಮಕ್ಕಳ ಜೀವದ ಮೇಲೆ ವ್ಯಾಪಾರ ಮಾಡುತ್ತಿದ್ದಾನೆ. ಗ್ಯಾಲರಿಯ ಕೆಳಗೆ ಟಾರ್ಪಾಲು, ಹುಲ್ಲು, ಕುರ್ಚಿಗಳ ರಾಶಿ, ಬಜ್ಜಿ ಅಂಗಡಿಯ ಒಲೆ ಯಾವುದೂ ಇರಬಾರದು. ಪ್ರತಿದಿನದ ಪಂದ್ಯ ಮುಗಿದ ಮೇಲೆ ಕೆಳಗಿನ ಕಸ ಗುಡಿಸಿಸಿ. ಟಿಕೆಟ್ ಇಲ್ಲದವರು ನುಗ್ಗುತ್ತಾರೆಂಬ ಕಾರಣಕ್ಕೆ ಗೇಟಿಗೆ ಬೀಗ ಜಡಿಯಬೇಡಿ. ಪ್ರತಿ ಗೇಟಿಗೆ ಒಬ್ಬ ಆಳನ್ನು ನಿಲ್ಲಿಸಿ, ಕೊನೆಯ ಪ್ರೇಕ್ಷಕ ಇಳಿದು ಹೋಗುವವರೆಗೆ ಆತ ಅಲ್ಲಿಂದ ಕದಲಬಾರದು.