ಡಿಎನ್‌ಬಿ ನೇತ್ರವಿಜ್ಞಾನ ಪರೀಕ್ಷೆಗೆ ಫ್ರೀಡ್‌ಮನ್ ರಿವ್ಯೂ ಪುಸ್ತಕ ಒಂದೇ ಸಾಕೇ? ಇನ್ನು ಯಾವುದನ್ನು ಕೊಳ್ಳಬೇಕು?

ಡಿಎನ್‌ಬಿಯ (ಎಂಎಸ್‌ಗೆ ಸಮಾನವಾದ ತಜ್ಞ ಪದವಿ) ಥಿಯರಿಗೆ ಆರು ತಿಂಗಳಿದೆ, ಸೀನಿಯರ್‌ಗಳು ಏಳೆಂಟು ಪುಸ್ತಕಗಳ ಹೆಸರು ಹೇಳಿದ್ದಾರೆ, ದುಡ್ಡೂ ಸಮಯವೂ ಎರಡಕ್ಕೇ ಸಾಲುತ್ತವೆ ಎಂದು ಬರೆದಿದ್ದೀರಿ. ಮೊದಲ ಪ್ರಶ್ನೆಗೆ ನೇರ ಉತ್ತರ: ಸಾಲದು. ಫ್ರೀಡ್‌ಮನ್, ಕೈಸರ್, ಟ್ರಾಟ್ಲರ್ ಮೂವರ ಆ ಪುಸ್ತಕ ಒಳ್ಳೆಯದೇ, ಆದರೆ ಅದು ನಿಮ್ಮ ಪರೀಕ್ಷೆಗೆಂದು ಬರೆದದ್ದಲ್ಲ.

ಅದು ಹುಟ್ಟಿದ್ದು ಅಮೆರಿಕದ ಬೋರ್ಡ್ ಪರೀಕ್ಷೆಗಾಗಿ. ಅಲ್ಲಿ ಲಿಖಿತ ಪರೀಕ್ಷೆ ಎಂದರೆ 250 ಎಂಸಿಕ್ಯೂ. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದನ್ನು ಗುರುತಿಸಿದರೆ ಆಯಿತು. ಸ್ಯೂಡೋಎಕ್ಸ್‌ಫೋಲಿಯೇಷನ್ (ಕಣ್ಣಿನೊಳಗೆ ಬಿಳಿ ಹೊಟ್ಟಿನಂಥ ಪದಾರ್ಥ ಕೂರುವ ಕಾಯಿಲೆ) ಅಂದರೆ ಎಲ್‌ಓಎಕ್ಸ್‌ಎಲ್1 ಜೀನ್ ಎಂಬ ಒಂದು ಸಾಲು ನೆನಪಿದ್ದರೆ ಅಂಕ ಬಂತು. ಡಿಎನ್‌ಬಿಯಲ್ಲಿ ನಾಲ್ಕು ಪೇಪರ್, ಒಂದೊಂದಕ್ಕೆ ಮೂರು ಗಂಟೆ, ಹತ್ತು ಅಂಕದ ಹತ್ತು ಪ್ರಶ್ನೆ. ಅದೇ ಸ್ಯೂಡೋಎಕ್ಸ್‌ಫೋಲಿಯೇಷನ್ ಇಲ್ಲಿ ‘ರೋಗೋತ್ಪತ್ತಿ 3, ಲಕ್ಷಣ 3, ಕ್ಯಾಟರ್ಯಾಕ್ಟ್ ಸರ್ಜರಿಯಲ್ಲಿ ಎದುರಾಗುವ ತೊಂದರೆ 4’ ಎಂಬ ರೂಪದಲ್ಲಿ ಬರಬಹುದು. ಒಂದು ಪ್ರಶ್ನೆಗೆ ಸಿಗುವುದು 18 ನಿಮಿಷ, ಚಿತ್ರವೂ ಅದರಲ್ಲೇ ಆಗಬೇಕು. ಗುರುತಿಸುವ ಓದು ಬೇರೆ, ಖಾಲಿ ಹಾಳೆಯ ಮೇಲೆ ಬರೆಯುವ ಓದು ಬೇರೆ. ಚೆರ್ನ್ ಅವರ ಪ್ರಶ್ನೆ ಪುಸ್ತಕಕ್ಕೂ ಆನ್‌ಲೈನ್ ಪ್ರಶ್ನೆ ಬ್ಯಾಂಕ್‌ಗಳಿಗೂ ಇದೇ ಮಾತು. ಜೊತೆಯಲ್ಲಿ ವಿದೇಶಿ ಪರೀಕ್ಷೆಗಳಾದ ಐಸಿಓ ಅಥವಾ ಗ್ಲಾಸ್ಗೋ ಎಫ್‌ಆರ್‌ಸಿಎಸ್‌ನ ಮೊದಲ ಭಾಗ ಕಟ್ಟುವವರಿದ್ದರೆ ಅವು ಪೂರ್ತಿ ಉಪಯೋಗಕ್ಕೆ ಬರುತ್ತವೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಎಂಎಸ್‌ನದ್ದೂ ಬರವಣಿಗೆಯ ಪರೀಕ್ಷೆಯೇ ಆದ್ದರಿಂದ ಕೆಳಗಿನ ಬಹುಪಾಲು ಅವರಿಗೂ ಹೊಂದುತ್ತದೆ.

ಕೊಳ್ಳುವ ಮೊದಲು ಎರಡು ದಿನ ಇದಕ್ಕೆ ಕೊಡಿ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಅಂದರೆ ಐದು ವರ್ಷಕ್ಕೆ ಹತ್ತು ಸರದಿ, ಒಟ್ಟು 400 ಪ್ರಶ್ನೆ. ಎಲ್ಲವನ್ನೂ ಒಂದು ಶೀಟ್‌ನಲ್ಲಿ ಕಾರ್ನಿಯಾ, ಗ್ಲಾಕೋಮಾ, ನ್ಯೂರೋ, ಆಪ್ಟಿಕ್ಸ್ ಹೀಗೆ ವಿಂಗಡಿಸಿ. ಮರಳಿ ಮರಳಿ ಬರುವ ವಿಷಯಗಳು ತಾವಾಗಿಯೇ ಎದ್ದು ಕಾಣುತ್ತವೆ. ಅವುಗಳಿಂದ ಐದು ಪ್ರಶ್ನೆ ಆರಿಸಿ, ಕೊಳ್ಳಬೇಕೆಂದಿರುವ ಪುಸ್ತಕವನ್ನು ಲೈಬ್ರರಿಯಲ್ಲಿ ತೆರೆದು ನೋಡಿ: ಹತ್ತು ಅಂಕಕ್ಕೆ ಬೇಕಾದಷ್ಟು ವಿಷಯ ಒಂದೇ ಕಡೆ ಸಿಗುತ್ತದೆಯೇ, ಪೆನ್ನಿನಲ್ಲಿ ಬಿಡಿಸಬಹುದಾದ ಒಂದು ಚಿತ್ರವಾದರೂ ಇದೆಯೇ? ಐದರಲ್ಲಿ ಮೂರಕ್ಕೆ ಇಲ್ಲವೆಂದಾದರೆ ಎಷ್ಟೇ ಹೊಗಳಿಕೆ ಕೇಳಿದ್ದರೂ ಅದನ್ನು ಬಿಡಿ.

ಬುನಾದಿಗೆ ನನ್ನ ಆಯ್ಕೆ ಅಮೆರಿಕನ್ ಅಕಾಡೆಮಿ ಆಫ್ ಆಪ್ತಾಲ್ಮಾಲಜಿಯ 13 ಸಂಪುಟಗಳು, ನಮ್ಮ ವಾರ್ಡುಗಳಲ್ಲಿ ಎಲ್ಲರೂ ‘ಎಎಓ’ ಎನ್ನುವುದು. ಆರು ತಿಂಗಳಲ್ಲಿ ಹದಿಮೂರನ್ನೂ ಮುಗಿಸುವ ಹಟ ಬೇಡ. ಎರಡನೆಯದು (ಮೂಲವಿಜ್ಞಾನ), ನಾಲ್ಕನೆಯದು (ಪೆಥಾಲಜಿ), ಐದನೆಯದು (ನ್ಯೂರೋ), ಒಂಬತ್ತನೆಯದು (ಯೂವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ) ಇವನ್ನು ಪೂರ್ತಿ ಓದಿ. ಉಳಿದವನ್ನು ನಿಮ್ಮ ಶೀಟ್ ನೋಡಿಕೊಂಡು ಅಧ್ಯಾಯವಾರು ಓದಿದರೆ ಸಾಕು. ಕ್ಯಾನ್ಸ್ಕಿಯ ಪುಸ್ತಕದ ಫೋಟೋಗಳಿಗೆ ಸಾಟಿಯಿಲ್ಲ, ಸ್ಪಾಟರ್‌ಗೆ (ಚಿತ್ರ ನೋಡಿ ಗುರುತಿಸುವ ಪ್ರಶ್ನೆಗೆ) ಅದೇ ಸರಿ. ಆದರೆ ರೋಗೋತ್ಪತ್ತಿಯೂ ಸರ್ಜರಿಯ ಹಂತಗಳೂ ಅದರಲ್ಲಿ ತೆಳು. ಕ್ಯಾನ್ಸ್ಕಿ ಒಂದನ್ನೇ ನಂಬಿ ಬರೆದ ಉತ್ತರ ಅರ್ಧ ಪುಟಕ್ಕೇ ನಿಂತುಬಿಡುತ್ತದೆ.

ವಿದೇಶಿ ಪುಸ್ತಕ ಎಲ್ಲಿ ಕೈಕೊಡುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಆರ್‌ಓಪಿಯನ್ನೇ (ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾ ಕಾಯಿಲೆ) ನೋಡಿ. ಅಮೆರಿಕದಲ್ಲಿ ಸ್ಕ್ರೀನಿಂಗ್ ಬೇಕಾದದ್ದು 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರ ಅಥವಾ ಅದಕ್ಕೂ ಮೊದಲು ಹುಟ್ಟಿದ ಶಿಶುಗಳಿಗೆ. ನಮ್ಮಲ್ಲಿ 2000 ಗ್ರಾಂಗಿಂತ ಕಡಿಮೆ ಅಥವಾ 34 ವಾರಕ್ಕಿಂತ ಮೊದಲು. ನಮ್ಮ ಎನ್‌ಐಸಿಯುಗಳಲ್ಲಿ ತುಸು ದೊಡ್ಡ ಮಕ್ಕಳಿಗೂ ತೀವ್ರ ಆರ್‌ಓಪಿ ಬರುವುದರಿಂದ ಈ ವ್ಯತ್ಯಾಸ. ರಿವ್ಯೂ ಪುಸ್ತಕದ ಅಂಕಿಯನ್ನು ಹಾಗೇ ಇಳಿಸಿದರೆ ಉತ್ತರ ತಪ್ಪು, ವೈವಾದಲ್ಲಿ ಇನ್ನೂ ಮುಜುಗರ. ಅದೇ ಪ್ರಶ್ನೆಯಲ್ಲಿ ಟೆಲಿ-ಸ್ಕ್ರೀನಿಂಗ್ ಬಂದರೆ 2008ರಲ್ಲಿ ನಾರಾಯಣ ನೇತ್ರಾಲಯ ಆರಂಭಿಸಿದ ಟೆಲಿ-ಸ್ಕ್ರೀನಿಂಗ್ ಯೋಜನೆ ಕಿಡ್‌ರಾಪ್ ಬಗ್ಗೆ ಬರೆಯಬೇಕು. ಕರ್ನಾಟಕದ ಅಭ್ಯರ್ಥಿಗೆ ಅದು ಗೊತ್ತಿಲ್ಲದಿದ್ದರೆ ಪರೀಕ್ಷಕರು ಹುಬ್ಬೇರಿಸದೆ ಇರುತ್ತಾರೆಯೇ!

ಇಂಥ ತೂತುಗಳು ಇನ್ನೂ ಇವೆ. ಫಂಗಲ್ ಕೆರಟೈಟಿಸ್ (ಕಾರ್ನಿಯಾದ ಶಿಲೀಂಧ್ರ ಸೋಂಕು) ನಮ್ಮ ಕಡೆ ದಿನನಿತ್ಯದ ಕಾಯಿಲೆ. ಕೆಓಎಚ್ ಮೌಂಟ್ (ಶಿಲೀಂಧ್ರ ಪತ್ತೆಯ ಸೂಕ್ಷ್ಮದರ್ಶಕ ಪರೀಕ್ಷೆ), 5% ನಾಟಾಮೈಸಿನ್, ಮತ್ತು ವೊರಿಕೊನಜೋಲ್‌ಗಿಂತ ನಾಟಾಮೈಸಿನ್ನೇ ಮೇಲೆಂದು, ಅದರಲ್ಲೂ ಫ್ಯುಸೇರಿಯಂನಲ್ಲಿ, ತೋರಿಸಿದ 2013ರ ಮಟ್ ಟ್ರಯಲ್ ಮೂರೂ ಉತ್ತರದಲ್ಲಿರಬೇಕು. ಈಲ್ಸ್ ಕಾಯಿಲೆ (ರೆಟಿನಾ ರಕ್ತನಾಳಗಳ ಉರಿಯೂತ), ಟಿಬಿ ಯೂವಿಯೈಟಿಸ್, ಎಸ್‌ಐಸಿಎಸ್ (ಸಣ್ಣ ಗಾಯದ ಕ್ಯಾಟರ್ಯಾಕ್ಟ್ ಸರ್ಜರಿ) ಟನಲ್‌ನ ತೊಂದರೆಗಳು ಇವಕ್ಕೂ ಭಾರತೀಯ ಲೇಖಕರ ಪಿಜಿ ಪುಸ್ತಕವೇ ಬೇಕು. ನಾಲ್ಕನೇ ಪೇಪರ್‌ಗೆ ಸಮುದಾಯ ನೇತ್ರವಿಜ್ಞಾನವನ್ನು ಯಾವ ಅಮೆರಿಕನ್ ಪುಸ್ತಕವೂ ಕಲಿಸುವುದಿಲ್ಲ. ಭಾರತೀಯ ಪುಸ್ತಕ ಹೊಸತೋ ಹಳತೋ ಎಂದು ತಿಳಿಯಲು ಅದೇ ಅಧ್ಯಾಯ ತೆರೆಯಿರಿ: ಅಂಧತ್ವದ ವ್ಯಾಖ್ಯೆ 6/60ರಿಂದ 3/60ಕ್ಕೆ ಬದಲಾದದ್ದು 2017ರಲ್ಲಿ, 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣ 0.36%. ಇನ್ನೂ 1% ಎಂದೇ ಇದ್ದರೆ ಆ ಮುದ್ರಣವನ್ನು ಕೊಳ್ಳಬೇಡಿ.

ಹಾಗೆಂದು ಪ್ರತಿಯೊಂದೂ ಹೊಸ ಆವೃತ್ತಿಯೇ ಆಗಬೇಕಿಲ್ಲ. ಅನಾಟಮಿ, ಆಪ್ಟಿಕ್ಸ್, ಪೆಥಾಲಜಿಗೆ ಸೀನಿಯರ್ ಬಿಟ್ಟುಹೋದ ಹಳೆಯ ಪ್ರತಿ ಧಾರಾಳವಾಗಿ ಸಾಕು. ರೆಟಿನಾ, ಗ್ಲಾಕೋಮಾ, ಯೂವಿಯೈಟಿಸ್‌ಗೆ ಮಾತ್ರ ಜಿಪುಣತನ ಬೇಡ. ಯೂವಿಯೈಟಿಸ್‌ನ ಎಸ್‌ಯುಎನ್ (ತಜ್ಞರ ಗುಂಪಿನ) ವರ್ಗೀಕರಣ ಮಾನದಂಡಗಳೂ ಆರ್‌ಓಪಿ ಅಂತಾರಾಷ್ಟ್ರೀಯ ವರ್ಗೀಕರಣದ ಮೂರನೇ ಪರಿಷ್ಕರಣೆಯೂ 2021ರವು. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಅವು ಇರಲು ಸಾಧ್ಯವಿಲ್ಲ.

ಆಪ್ಟಿಕ್ಸ್‌ಗೆ ಖುರಾನಾ ಅವರ ಪುಸ್ತಕ ಓದಿ, ಕೊನೆಯಲ್ಲಿ ಹಂಟರ್–ವೆಸ್ಟ್ ಅವರ ‘ಲಾಸ್ಟ್ ಮಿನಿಟ್ ಆಪ್ಟಿಕ್ಸ್’ನಿಂದ ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. ಹೆಸರೇ ಹೇಳುವಂತೆ ಅದು ಕೊನೆಗಳಿಗೆಗೆ, ಮೊದಲ ಕಲಿಕೆಗಲ್ಲ. ಪ್ರೆಂಟಿಸ್ ನಿಯಮದ ಒಂದು ಲೆಕ್ಕ, ಅಂದರೆ 4 ಡಯಾಪ್ಟರ್ ಲೆನ್ಸ್‌ನ ಕೇಂದ್ರ 5 ಮಿ.ಮೀ. ಸರಿದರೆ 2 ಪ್ರಿಸಂ ಡಯಾಪ್ಟರ್, ಕಾಗದವಿಲ್ಲದೆ ಬಾಯಲ್ಲಿ ಬರುವ ತನಕ ಖುರಾನಾದಲ್ಲೇ ಇರಿ.

ಟ್ರಯಲ್‌ಗಳಿಗೆಂದು ಪುಸ್ತಕ ಕೊಳ್ಳಬೇಡಿ. ಇಪ್ಪತ್ತೈದು ಕಾರ್ಡ್ ಮಾಡಿಕೊಳ್ಳಿ: ಹೆಸರು, ವರ್ಷ, ಯಾರ ಮೇಲೆ, ಯಾವುದಕ್ಕೆ ಯಾವುದನ್ನು ಹೋಲಿಸಿದರು, ಫಲ. ಉದಾಹರಣೆಗೆ ಲೈಟ್, 2019, ಚಿಕಿತ್ಸೆ ಇನ್ನೂ ಆರಂಭವಾಗದ ಓಪನ್ ಆ್ಯಂಗಲ್ ಗ್ಲಾಕೋಮಾ ಮತ್ತು ಆಕ್ಯುಲರ್ ಹೈಪರ್‌ಟೆನ್ಷನ್, ಮೊದಲಿಗೆ ಎಸ್‌ಎಲ್‌ಟಿ (ಲೇಸರ್ ಚಿಕಿತ್ಸೆ) ಅಥವಾ ಮೊದಲಿಗೆ ಡ್ರಾಪ್ಸ್. ಮೂರು ವರ್ಷದ ಕೊನೆಗೆ ಲೇಸರ್ ಗುಂಪಿನ 74% ಮಂದಿಗೆ ಡ್ರಾಪ್ಸೇ ಬೇಕಾಗಲಿಲ್ಲ. ಇಷ್ಟು ಬರೆದರೆ ಸಾಕು, ಪಿ ವ್ಯಾಲ್ಯೂ ಯಾರೂ ಕೇಳುವುದಿಲ್ಲ.

ಹಾಗಾದರೆ ಫ್ರೀಡ್‌ಮನ್ ಯಾವಾಗ? ಕೊನೆಯ ಆರು ವಾರದಲ್ಲಿ. ಒಂದು ಶೀರ್ಷಿಕೆ ನೋಡಿ, ಪುಸ್ತಕ ಮುಚ್ಚಿ, 18 ನಿಮಿಷಕ್ಕೆ ಅಲಾರಂ ಇಟ್ಟು ಉತ್ತರ ಬರೆಯಿರಿ. ಆಮೇಲೆ ತೆರೆದು, ಬಿಟ್ಟುಹೋದ ಅಂಶಗಳನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಭಾರತದ ಅಂಕಿಗಳನ್ನು ಅದರ ಅಂಚಿನಲ್ಲೇ ಬರೆದಿಟ್ಟುಕೊಳ್ಳಿ. ಅದರಿಂದ ಮತ್ತೆ ನೋಟ್ಸ್ ಮಾಡುವ ಕೆಲಸ ಮಾತ್ರ ಬೇಡ. ಅದೇ ಸಾರಾಂಶ, ಅದರ ಸಾರಾಂಶ ಮಾಡಿದರೆ ಬರೆಯಲು ಏನೂ ಉಳಿಯುವುದಿಲ್ಲ.

ಎರಡಕ್ಕೇ ದುಡ್ಡಿದ್ದರೆ: ಭಾರತೀಯ ಲೇಖಕರ ಇತ್ತೀಚಿನ ಪಿಜಿ ಪುಸ್ತಕ ಒಂದು, ಫ್ರೀಡ್‌ಮನ್ ಒಂದು. ಎಎಓ ಸಂಪುಟಗಳು ನಿಮ್ಮ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿ ಇದ್ದೇ ಇರುತ್ತವೆ. ಪ್ರಾಕ್ಟಿಕಲ್‌ಗೆ ಕೇಸ್ ಪುಸ್ತಕವನ್ನು ಥಿಯರಿ ಮುಗಿದ ಮೇಲೆ ಕೊಂಡರೆ ಸಾಕು, ನಡುವೆ ಸಮಯ ಸಿಗುತ್ತದೆ.